ಡಿಸ್ಕ್ ತುಂಬ್ಯಾದ್ರಿ

ರಾಯಚೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತು, ದೇವದುರ್ಗ ಮತ್ತು ಮಾನ್ವಿ ಶಾಖೆಗಳಲ್ಲಿ ಸ್ಕ್ಯಾನ್ ಚಿತ್ರಗಳನ್ನು ಕೂಡಿಡುವ ಯುನಿಕ್ಸ್ ಸರ್ವರುಗಳ ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ ಎಂದು ನೋಡುವುದು ನನ್ನ ನೌಕರಿ. ದೂರದಿಂದಲೇ ಎಲ್ಲ ಕಾಣುತ್ತದೆ ಎಂಬ ಗರ್ವ ಸೋಮವಾರ ಬರುತ್ತದೆ; ಮಂಗಳವಾರದೊಳಗೆ ಯಾರಾದರೂ ಇಳಿಸುತ್ತಾರೆ.

೧. ಬ್ಯಾಡಾದ್ದು

ದೇವದುರ್ಗದ ರಿಸೆಪ್ಶನ್ ಮೇಡಮ್ಮಿಗೆ ಫೋನ್ ಮಾಡಿದೆ. "ಸರ್ವರ್‌ದಾಗ ಜಾಗ ಇಲ್ರಿ. ಬ್ಯಾಡಾದ್ದು ತಗಸ್ರಿ."

"ಸಂಜಿಕ್ ತಗಸ್ತೀನ್ರಿ" ಎಂದರು.

ಮರುದಿನವೂ ಡಿಸ್ಕ್ ಅಷ್ಟೇ ತುಂಬಿತ್ತು. ಮತ್ತೆ ಫೋನ್ ಮಾಡಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ಇನ್ನೆಷ್ಟು ತಗಸ್ಲಿರಿ? ಮುರಕ ಕುರ್ಚಿ, ಹಳೀ ಫ್ಯಾನು, ರಟ್ಟಿನ ಡಬ್ಬಿ ಎಲ್ಲಾ ಹೊರಗ ಹಾಕ್ಸೀನಿ. ಸರ್ವರ್ ರೂಮಿನ್ಯಾಗ ಈಗ ನೀವೇ ಬಂದು ಮಲಗಬಹುದು."

೨. ಒಳಗಿನ ರಿಪೇರಿ

ಮಾನ್ವಿಯ ಸರ್ವರಿನಲ್ಲಿ ದೊಡ್ಡದೊಂದು ಫೈಲ್ ಅಳಿಸಿದೆ. ಜಾಗ ಚೂರೂ ಹೆಚ್ಚಲಿಲ್ಲ. ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದ್ದರೆ ಹಾಗಾಗುತ್ತದೆ; ಆ ಹೊತ್ತಿಗೆ ನನಗದು ಹೊಳೆಯಲಿಲ್ಲ.

"ಸಾಹೇಬ್ರ, ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ಲೇನ್ರಿ?" ಅಲ್ಲಿನ ಟೆಕ್ನಿಶಿಯನ್ ಭಾಯ್ ಕೇಳಿದರು.

"ಟಿವಿ ಅಲ್ರಿ ಅದು. ಮುಟ್ಟಬ್ಯಾಡ್ರಿ, ನಾ ಒಳಗಿಂದ ಸರಿ ಮಾಡಾಕತ್ತೀನಿ."

ಮಧ್ಯಾಹ್ನದವರೆಗೆ ಏನೇನೋ ಟೈಪ್ ಮಾಡಿದೆ. ಇದ್ದಕ್ಕಿದ್ದಂತೆ ಸಂಪರ್ಕ ಕಡಿಯಿತು. ಮತ್ತೆ ಸಿಕ್ಕಾಗ ಅರ್ಧ ಡಿಸ್ಕ್ ಖಾಲಿ. ಫೋನ್ ಮಾಡಿ ಬೀಗಿದೆ: "ಹೆಂಗ್ ಸರಿ ಮಾಡ್ದೆ ನೋಡಿದ್ರಿಲ್ಲೊ?"

"ಛಲೋ ಆತ್ರಿ ಸಾಹೇಬ್ರ. ಇಲ್ಲಿ ಕರೆಂಟ್ ಹೋಗಿತ್ರಿ, ಯುಪಿಎಸ್ಸೂ ಕೈ ಕೊಟ್ಟಿತ್ತು. ಈಗ ಬಂತು, ಸರ್ವರ್ ತಾನೇ ಬಂದ್ ಆಗಿ ಚಾಲೂ ಆತ್ರಿ."

೩. ಕಳ್ಳ ಸಿಕ್ಕ

ಒಂದು ಬೆಳಿಗ್ಗೆ ದೇವದುರ್ಗದಲ್ಲಿ ಡಿಸ್ಕ್ ಪೂರ್ತಿ ತುಂಬಿ ಸ್ಕ್ಯಾನಿಂಗೇ ನಿಂತಿತು. ಸ್ಕ್ಯಾನಿಗೆ ಮೂತ್ರಚೀಲ ತುಂಬಿರಬೇಕೆಂದು ಬಸುರಿ ಹೆಂಗಸರು ಗಟಗಟ ನೀರು ಕುಡಿದು, ಬೆಂಚಿನ ಮೇಲೆ ತಡೆದುಕೊಂಡು ಕೂತಿದ್ದಾರೆ. ಮೇಡಂ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. ಸೆಂಟರಿನ ಮಾಲೀಕರಾದ ಡಾಕ್ಟರು ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತರು.

"ಯಾರೋ ಮದುವಿ ವಿಡಿಯೋ ತುಂಬ್ಯಾರ್ರಿ ಸರ್. ಮಂದಿಗೆ ಶಿಸ್ತಿಲ್ಲ. ಈಗ ಹಿಡದು ತೋರಿಸ್ತೀನಿ" ಎಂದು ದೊಡ್ಡ ಫೈಲುಗಳನ್ನು ಹುಡುಕಿಸಿದೆ. ಎಲ್ಲಕ್ಕೂ ಮೇಲೆ ಬಂದ ಫೈಲಿನ ಪಕ್ಕ ನನ್ನದೇ ಹೆಸರು. ಜಾಗ ಕಡಿಮೆಯಾದರೆ ಎಚ್ಚರಿಸಲೆಂದು ನಾನೇ ಬರೆದ ಪ್ರೋಗ್ರಾಂ, ಎಚ್ಚರಿಕೆಯನ್ನು ಬಿಟ್ಟೂಬಿಡದೆ ಅದೇ ಡಿಸ್ಕಿನಲ್ಲಿ ಬರೆದು ಬರೆದು ಜಾಗ ಮುಗಿಸಿತ್ತು.

ಡಾಕ್ಟರು ಕನ್ನಡಕ ಏರಿಸಿ ಓದಿದರು. "ಜಾಗ ಕಡಿಮೆ ಇದೆ. ಜಾಗ ಕಡಿಮೆ ಇದೆ... ಪಾಪ, ಭಾಳ ಬಡಕೊಂಡದ ನೋಡ್ರಿ."

ಪ್ರೋಗ್ರಾಂ ನಿಲ್ಲಿಸಿ, ಫೈಲ್ ಅಳಿಸಿ, ಬೆವರು ಒರೆಸಿಕೊಂಡು ಮೇಡಮ್ಮಿಗೆ ಹೇಳಿದೆ: "ಆತ್ರಿ, ಒಬ್ಬೊಬ್ಬರನ್ನೇ ಒಳಗ ಕರೀರಿ."

"ಯಾರನ್ನ ಕರೀಲಿರಿ? ತಾಳಲಾರದೆ ಎಲ್ಲಾರೂ ಈಗ ತಾನೇ ಹೋಗಿ ಬಂದ್ರು. ಮತ್ತ ಮೊದಲಿಂದ ನೀರು ಕುಡಿಸಾಕತ್ತೀನಿ."