ನಲವತ್ನಾಲ್ಕಕ್ಕೆ ಪ್ಲಸ್ ಟೂ

ನಲವತ್ನಾಲ್ಕನೇ ವಯಸ್ಸಿಗೆ ಪ್ಲಸ್ ಟೂ ಓದಲು ಹೊರಟವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಸ್ಸು ಹತ್ತಿ ಪಕ್ಕದ ಸೀಟಿನಲ್ಲಿ ಕೂತಿರುತ್ತದೆ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಚೆಕ್ ಮಾಡಿದವನು. ಒಳಗೆ ದೀಪವಿರುವ ಮೇಜಿನ ಮೇಲೆ ಬಟ್ಟೆ ಸರಿಯುತ್ತ ಹೋಗುತ್ತದೆ. ತೂತು, ಕಲೆ, ತಪ್ಪಿದ ಹೆಣಿಗೆ ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಅನುಮಾನ ಬಂದರೆ ಒಂದಂಗುಲದ ಭೂತಗನ್ನಡಿ ಇಟ್ಟು ಹೆಣಿಗೆಯ ಸಾಲುಗಳನ್ನು ಎಣಿಸಬೇಕು. ಮಾತು ಕಡಿಮೆ ಇರುವವನಿಗೆ ಹೇಳಿ ಮಾಡಿಸಿದ ಕೆಲಸ. ಒಂದು ದಿನ ಅದಕ್ಕೆ ಕ್ಯಾಮರಾ ಬಂತು. ನನ್ನನ್ನು ತೆಗೆಯಲಿಲ್ಲ, ಕ್ಯಾಮರಾವನ್ನು ನೋಡಿಕೊಂಡಿರು ಎಂದರು.

ಆ ತಿಂಗಳೇ ಅಮ್ಮನ ಸಕ್ಕರೆ ಪರೀಕ್ಷೆಗೆ ಲ್ಯಾಬಿಗೆ ಹೋಗಿದ್ದೆ. ಒಳಗೆ ಒಬ್ಬಾಕೆ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಏನನ್ನೋ ಎಣಿಸುತ್ತಿದ್ದಳು. ಬಗ್ಗಿದ ರೀತಿ ನನ್ನದೇ. ಲ್ಯಾಬ್ ಟೆಕ್ನೀಷಿಯನ್ ಆಗಬೇಕೆಂದು ಅಲ್ಲಿಯೇ ಬೆಂಚಿನ ಮೇಲೆ ತೀರ್ಮಾನಿಸಿದೆ. ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಿದ್ದು ಎರಡು ವಾರದ ಮೇಲೆ.

೧. ಕಿಟಕಿ

ಕೊಯಮತ್ತೂರಿನ ಕಾಲೇಜೊಂದರ ಕಿಟಕಿಯಲ್ಲಿ ಆ ಕೋರ್ಸಿನ ಅರ್ಜಿ ಕೇಳಿದೆ.

"ಅಡ್ಮಿಷನ್ ಯಾರಿಗೆ ಸಾರ್? ಮಗನಿಗಾ, ಮಗಳಿಗಾ?" ಎಂದ ಗುಮಾಸ್ತ.

"ನನಗೆ."

ಅವನು ಪೆನ್ನು ಕೆಳಗಿಟ್ಟ. "ಪ್ಲಸ್ ಟೂನಲ್ಲಿ ಏನು ಗ್ರೂಪುಂಗ?"

"ಕಾಮರ್ಸ್."

"ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಪಾಸಾಗಿರಬೇಕು. ಓಪನ್ ಸ್ಕೂಲಿನಲ್ಲಿ ಬರೆದು ಬನ್ನಿ. ವಯಸ್ಸಿಗೆ ತಡೆಯಿಲ್ಲ. ಆದರೆ ಕೊನೆಗೆ ಪ್ರಿನ್ಸಿಪಾಲ್ ಅಮ್ಮನ ಇಂಟರ್‌ವ್ಯೂ ಇದೆ. ಈ ಕೆಲಸಕ್ಕೆ ಕಣ್ಣೇ ಮುಖ್ಯ ಅಂತಾರೆ. ವಯಸ್ಸಾದವರನ್ನು ಇದುವರೆಗೆ ಒಬ್ಬರನ್ನೂ ತೆಗೆದುಕೊಂಡಿಲ್ಲ."

ಅರ್ಜಿಯ ಸಣ್ಣ ಅಕ್ಷರ ಓದಲು ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಸುಗುಟ್ಟಿದ: "ಅಣ್ಣಾ, ಅವರ ಮುಂದೆ ಮಾತ್ರ ಇದನ್ನು ಮಾಡಬೇಡಿ."

೨. ಶಿಪ್‌ಮೆಂಟ್

ತಿರುಪ್ಪೂರಿನಲ್ಲಿ ಯಾರೂ ಯಾವುದನ್ನೂ ಮೊದಲಿನಿಂದ ಯೋಚಿಸುವುದಿಲ್ಲ. ಸರಕು ಹಡಗು ಹತ್ತುವ ದಿನ ಹಿಡಿದು ಹಿಂದಕ್ಕೆ ಎಣಿಸುತ್ತೇವೆ: ಪ್ಯಾಕಿಂಗಿಗೆ ಇಷ್ಟು ದಿನ, ಹೊಲಿಗೆಗೆ ಇಷ್ಟು, ಬಣ್ಣ ಹಾಕುವ ಡೈಯಿಂಗಿಗೆ ಇಷ್ಟು. ನಾನೂ ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ, ಕಂಪನಿಯ ಪದಗಳಲ್ಲೇ ದೊಡ್ಡ ಚಾರ್ಟ್ ಬರೆದೆ. ಮೊದಲು ಬಯಾಲಜಿ, ಅದು ಹೆಣಿಗೆ. ಆಮೇಲೆ ಕೆಮಿಸ್ಟ್ರಿ, ಅದು ಬಣ್ಣ. ಕೊನೆಗೆ ಫಿಸಿಕ್ಸ್, ಇಸ್ತ್ರಿ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಟೀಚರ್ ಇದ್ದಾರೆ. ಟ್ಯೂಷನ್ ಕೇಳಲು ಹೋಗಿ ಚಾರ್ಟ್ ಮುಂದಿಟ್ಟೆ.

"ಇದೇನಪ್ಪಾ, ಬಯ್ಯರ್ ಇನ್‌ಸ್ಪೆಕ್ಷನ್?"

"ಪರೀಕ್ಷೆ."

"ರೀ-ಡೈಯಿಂಗ್, ಹದಿನೈದು ದಿನ?"

"ಕೆಮಿಸ್ಟ್ರಿ ತಲೆಗೆ ಹತ್ತದಿದ್ದರೆ."

ಅವರು ಪೆನ್ಸಿಲ್ ತೆಗೆದುಕೊಂಡರು. "ಬಯಾಲಜಿಯಲ್ಲಿ ಎರಡು ಪಾಠ ದಾಟು, ಪ್ರೋಟೀನು, ಕಿಣ್ವ ಅಂತ ಕೆಮಿಸ್ಟ್ರಿಯೇ ಎದುರಾಗುತ್ತದೆ. ನೂಲಿಗೆ ಬಣ್ಣ ಹಾಕಿಬಿಟ್ಟು ಆಮೇಲೆ ಹೆಣೆ. ಕೆಮಿಸ್ಟ್ರಿ ಮೊದಲು. ಫಿಸಿಕ್ಸ್ ಜೊತೆಜೊತೆಗೆ ವಾರಕ್ಕೆರಡು ದಿನ. ಸರಿ, ಶುರು ಯಾವಾಗ?"

ಹಿಂದಕ್ಕೆ ಎಣಿಸಿದ್ದು ಎಲ್ಲಿಗೆ ಬಂದು ನಿಂತಿದೆ ಎಂದು ನಾನು ಚಾರ್ಟಿನ ತುದಿ ನೋಡಿದೆ. "ಮೂರು ವಾರದ ಹಿಂದೆ."

"ಅಂದರೆ ಮೂರು ವಾರ ಕ್ಲಾಸಿಗೆ ಚಕ್ಕರ್ ಹೊಡೆದಿದ್ದೀಯ," ಎಂದರು ಟೀಚರ್. "ನಾಳೆ ಮನೆಯಿಂದ ದೊಡ್ಡವರನ್ನು ಕರೆದುಕೊಂಡು ಬಾ."

೩. ದೊಡ್ಡವರು

ಅವರು ತಮಾಷೆಗೆ ಹೇಳಿದ್ದು. ನಾನೂ ಮನೆಯಲ್ಲಿ ತಮಾಷೆಗೆ ಹೇಳಿದೆ. ಆದರೆ ಟೀಚರುಗಳ ವಿಷಯದಲ್ಲಿ ಅಮ್ಮ ತಮಾಷೆ ಮಾಡುವವಳಲ್ಲ.

ನಾವು ತಲೆಮಾರುಗಳಿಂದ ಇಲ್ಲಿಯ ನೇಕಾರರು. ಮನೆಯೊಳಗೆ ಕನ್ನಡ, ಅದರೊಳಗೆ ಅರ್ಧ ತಮಿಳು. ಓದುವ ಚಟಕ್ಕೆ ಕನ್ನಡ ಲಿಪಿ ಕಲಿತವನು ನಾನೊಬ್ಬನೇ. "ಈ ವಯಸ್ಸಿಗೆ ಓದು, ಪಡಿಪ್ಪಾ?" ಎಂದಳು ಅಮ್ಮ. "ಸರಿ, ಟೀಚರಮ್ಮ ಕರೆದವ್ರೆ, ಕೂಪಿಟ್ಟವ್ರೆ ಅಂದ್ಮೇಲೆ ಹೋಗಬೇಕಲ್ಲ." ಒಳ್ಳೆಯ ಸೀರೆ ಉಟ್ಟು, ಕಾಂಗೇಯದ ಚಿಕ್ಕಮ್ಮ ಕಳಿಸಿದ್ದ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ಹೊರಟಳು.

ಟೀಚರ್ ಎದುರು ನನ್ನ ಭುಜ ಹಿಡಿದು ಮುಂದೆ ತಳ್ಳಿ, ಈ ಕಡೆಯ ತಾಯಂದಿರು ಮಗುವನ್ನು ಶಾಲೆಗೆ ಸೇರಿಸುವಾಗ ಹೇಳುವ ಮಾತನ್ನೇ ಹೇಳಿದಳು: "ಕಣ್ಣೊಂದು ಬಿಟ್ಟುಬಿಡಿ ಟೀಚರಮ್ಮ. ಮಿಕ್ಕಿದ್ದೆಲ್ಲ ತೋಲು ಸುಲಿದುಬಿಡಿ."

"ಸರಿಂಗಮ್ಮ," ಎಂದರು ಟೀಚರ್, ಗಂಭೀರವಾಗಿ. "ಮುಂದೆ ಇವನಿಗೆ ಬೇಕಾಗುವುದೂ ಅದೊಂದೇ."

ವಾಪಸ್ ಬರುವಾಗ ಕೇಳಿದವರಿಗೆಲ್ಲ ಅಮ್ಮ "ಮಗ ಪ್ಲಸ್ ಟೂ" ಎನ್ನುತ್ತ ಬಂದಳು. ಹೂ ಮಾರುವಾಕೆ ಅವಳ ನರೆತ ತಲೆ ನೋಡಿ, "ತಡವಾಗಿ ಹುಟ್ಟಿದವನಾ ಅಕ್ಕಾ?" ಎಂದಳು.

ಅಮ್ಮ ಹಿಂದೆ ಬರುತ್ತಿದ್ದ ನನ್ನನ್ನು ತೋರಿಸಿದಳು. "ಇಲ್ಲಮ್ಮ, ಇವನೇ. ಸ್ವಲ್ಪ ನಿಧಾನ."

೪. ಈರುಳ್ಳಿ

ಬಯಾಲಜಿ ಪ್ರಾಕ್ಟಿಕಲ್. ಎಕ್ಸಾಮಿನರ್ ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಮೈಕ್ರೋಸ್ಕೋಪಿನ ಕೆಳಗೆ ಈರುಳ್ಳಿ ಪೊರೆಯ ಸ್ಲೈಡ್ ಇಟ್ಟು, "ಕಂಡದ್ದನ್ನು ಬರೆಯಿರಿ" ಎಂದರು.

ಇಟ್ಟಿಗೆ ಗೋಡೆಯಂತೆ ಜೀವಕೋಶಗಳು ಕಂಡವು. ನಾನು ಇಪ್ಪತ್ತೆರಡು ವರ್ಷ ಬರೆದದ್ದನ್ನೇ ಬರೆದೆ: "ಎಡತುದಿ ಮಡಿಚಿದೆ. ಗಾಳಿಗುಳ್ಳೆ ಎರಡು. ಬಣ್ಣ ಒಂದೇ ಸಮ ಹಿಡಿದಿಲ್ಲ. ಬಲಮೂಲೆಯಲ್ಲಿ ಹರಿದಿದೆ." ಕೈ ಜೇಬಿಗೆ ಹೋಗಿತ್ತು, ಕೆಂಪು ಬಾಣ ಅಂಟಿಸುವಷ್ಟರಲ್ಲಿ ಅವರು ಹಿಂದೆ ಬಂದು ನಿಂತರು.

ಓದಿದರು. ಮುಖ ಕೆಂಪಾಯಿತು. "ಕೋಶಭಿತ್ತಿ ಎಲ್ಲಿ? ಕೋಶಕೇಂದ್ರ ಎಲ್ಲಿ?"

"ಅವೆಲ್ಲ ಸರಿಯಾಗಿವೆ ಸಾರ್," ಎಂದೆ. "ಅದಕ್ಕೇ ಬರೆಯಲಿಲ್ಲ."

"ಈ ಸ್ಲೈಡ್ ಬೆಳಿಗ್ಗೆ ನಾನೇ ಮಾಡಿದ್ದು."

ಮತ್ತೆ ಕೂತು ಕೋಶಭಿತ್ತಿ, ಕೋಶಕೇಂದ್ರ ಎಲ್ಲ ಬರೆದೆ. ಮೂರು ವಿಷಯವೂ ಪಾಸಾಯಿತು. ಕೆಮಿಸ್ಟ್ರಿಯಲ್ಲಿ ಅತಿ ಹೆಚ್ಚು, ರೀ-ಡೈಯಿಂಗ್ ಬೇಕಾಗಲಿಲ್ಲ. ಎಲ್ಲಕ್ಕಿಂತ ಕಡಿಮೆ ಬಂದದ್ದು ಈರುಳ್ಳಿಗೆ.

೫. ಚೌಕ

ಉಳಿದದ್ದು ಪ್ರಿನ್ಸಿಪಾಲ್ ಅಮ್ಮ. ಅವರು ಮಾರ್ಕ್ಸ್ ಕಾರ್ಡ್ ನೋಡಿದರು, ಹುಟ್ಟಿದ ವರ್ಷ ನೋಡಿದರು, ಕಾಗದ ಮುಚ್ಚಿಟ್ಟರು.

"ಕನ್ನಡಕ ಇದೆಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇದೆ. ಹತ್ತಿರದ್ದು ನೋಡಲು."

"ಇಲ್ಲಿ ಎಲ್ಲವೂ ಹತ್ತಿರದ್ದೇ," ಎಂದು ಎದ್ದು ಲ್ಯಾಬಿಗೆ ಕರೆದೊಯ್ದರು. ಮೈಕ್ರೋಸ್ಕೋಪಿನಲ್ಲಿ ಗೆರೆ ಕೊರೆದ ದಪ್ಪ ಗಾಜು, ಅದರ ಮೇಲೆ ತೆಳುವಾಗಿಸಿದ ರಕ್ತದ ಹನಿ. "ನಾಲ್ಕು ಚೌಕಗಳಲ್ಲಿ ಬಿಳಿ ರಕ್ತಕಣ ಎಷ್ಟಿವೆ ಹೇಳಿ. ನಾನು ಈಗಷ್ಟೇ ಎಣಿಸಿದ್ದೇನೆ. ಗೆರೆಯ ಮೇಲೆ ಕೂತವನ್ನು ಏನು ಮಾಡುತ್ತೀರಿ?"

"ಮೇಲಿನ ಗೆರೆ, ಎಡಗೆರೆಯದನ್ನು ಸೇರಿಸುತ್ತೇನೆ. ಕೆಳಗಿನದು, ಬಲದ್ದು ಬಿಡುತ್ತೇನೆ. ಇಲ್ಲದಿದ್ದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗಾಗುತ್ತದೆ."

"ಇದು ಪ್ಲಸ್ ಟೂನಲ್ಲಿ ಇಲ್ಲವಲ್ಲ?"

"ಬನಿಯನ್ನಿನಲ್ಲಿದೆ ಅಮ್ಮ."

ಮೈಕ್ರೋಸ್ಕೋಪಿಗೆ ಕನ್ನಡಕವೇ ಬೇಕಾಗಿಲ್ಲ ಎಂಬುದು ಈರುಳ್ಳಿಯ ದಿನವೇ ತಿಳಿದಿತ್ತು. ಗುಂಡಿ ತಿರುಗಿಸಿದರೆ ಅದೇ ನನ್ನ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಕನ್ನಡಕವನ್ನು ಜೇಬಿನಲ್ಲೇ ಬಿಟ್ಟು ಎಣಿಸಿದೆ. "ನೂರ ಮೂವತ್ತೊಂದು."

"ನೂರ ಮೂವತ್ತೆರಡು," ಎಂದರು, ಬೇಸರದಿಂದಲೇ. "ಒಂದು ತಪ್ಪಿತು. ಇದಕ್ಕೇ ನಾನು ವಯಸ್ಸು ನೋಡುವುದು."

ಈರುಳ್ಳಿ ನೆನಪಾಯಿತು. ಸುಮ್ಮನಿರಬೇಕೆಂದುಕೊಂಡೆ. ಆಗಲಿಲ್ಲ. "ಮೂರನೇ ಚೌಕದ ಮೂಲೆಯಲ್ಲಿರುವುದು ಕಣವಲ್ಲಮ್ಮ. ಗಾಜಿನಲ್ಲೇ ಇರುವ ಗುಳಿ. ತೊಳೆದು ನೋಡಿ."

ಅವರು ಗಾಜನ್ನು ತೊಳೆದು, ಒರೆಸಿ, ಮತ್ತೆ ಇಟ್ಟು ಬಗ್ಗಿದರು. ನಂಬಿಕೆ ಬರಲಿಲ್ಲವೇನೋ, ಕೈಚೀಲದಿಂದ ತಮ್ಮ ಕನ್ನಡಕ ತೆಗೆದು ಹಾಕಿಕೊಂಡು ಇನ್ನೊಮ್ಮೆ ಬಗ್ಗಿದರು. ನೂರ ಮೂವತ್ತೊಂದು ಕಣಗಳೂ ನೀರಿಗೆ ಹೋಗಿದ್ದವು. ನೂರ ಮೂವತ್ತೆರಡನೆಯದು ಮೂಲೆಯಲ್ಲಿ ಹಾಗೇ ಕೂತಿತ್ತು.

"ಈ ಗಾಜಿನ ಮೇಲೆ ನಾಲ್ಕು ಬ್ಯಾಚ್ ಕಲಿತು ಹೋಗಿದೆ," ಎಂದರು ಕೊನೆಗೆ. "ನಾನು ಹೇಳಿದ ಲೆಕ್ಕ ಎಲ್ಲರಿಗೂ ಸರಿಯಾಗಿ ಬರುತ್ತಿತ್ತು. ತಪ್ಪು ಬಂದದ್ದು ನಿಮ್ಮೊಬ್ಬರಿಗೇ."

ನನ್ನ ಜೇಬಿನ ಕೆಂಪು ಬಾಣ ಗಾಜಿನ ಮೇಲೇರಿತು, ಅವರ ಅಪ್ಪಣೆಯಿಂದ. ಅರ್ಜಿಯ ಮೇಲೆ ಅವರ ಸಹಿ ಬಿತ್ತು.

ಅರ್ಜಿ ಕೊಡಲು ಕಿಟಕಿಗೆ ಬಂದೆ. ಅದೇ ಗುಮಾಸ್ತ ಸಹಿ ನೋಡಿದ, ನನ್ನನ್ನು ನೋಡಿದ, ತಲೆ ಹೊರಗೆ ಹಾಕಿ ಪಿಸುಗುಟ್ಟಿದ: "ಅಣ್ಣಾ, ಕನ್ನಡಕ ಹಾಕಲೇ ಇಲ್ಲ ತಾನೆ?"

"ನಾನು ಹಾಕಲಿಲ್ಲ," ಎಂದೆ. "ಅವರು ಹಾಕಿಕೊಂಡರು."