ಚೀಟಿ ಇಲ್ಲದ ಸರಕು

ಜಾಗ ಬಿಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಗೋದಾಮಿಗೆ ಅರ್ಜಿ ಹಾಕಿಲ್ಲ! ಮೇಜು, ಕುರ್ಚಿ, ಕಪಾಟುಗಳನ್ನು ತುಂಬಿಡುವ ದೊಡ್ಡ ಗೋದಾಮೊಂದಕ್ಕೆ ನಾನು ಮೇಲ್ವಿಚಾರಕ. ಹಳ್ಳಿಯ ಮನೆಯ ಒಂದೇ ಕೋಣೆಯಲ್ಲಿ ಅಪ್ಪ ಕಾಳಿನ ಚೀಲ, ನೇಗಿಲು ಮತ್ತು ಆರು ಮಕ್ಕಳನ್ನು ಹೊಂದಿಸಿಟ್ಟದ್ದನ್ನು ಕಂಡು ಬೆಳೆದವನು. ಆ ಅನುಭವದ ಮೇಲೆ ಮನೆತನದ ಮೊದಲ ಪದವಿಯೂ ಬಂದು ಕೂತರೆ ಕೇಳಬೇಕೆ? ಗೋದಾಮಿನಲ್ಲಿ ನಾನು ತಂದ ಕಾನೂನು ಒಂದೇ: ಹೆಸರಿನ ಚೀಟಿ ಇಲ್ಲದ ಸರಕು ಹೊರಗೆ! ಹಮಾಲರು ನನ್ನ ಬೆನ್ನ ಹಿಂದೆ ‘ಚೀಟಿ ಸಾಹೇಬ್ರು’ ಎನ್ನುತ್ತಾರೆ. ನಾನದನ್ನು ಬಿರುದೆಂದೇ ಸ್ವೀಕರಿಸಿದ್ದೇನೆ.

ಹೀಗಾಗಿ ರಜೆಯಿದ್ದ ಆ ಶನಿವಾರ ಊಟ ಮುಗಿದ ಮೇಲೆ ಹೆಂಡತಿ ಟ್ಯಾಬ್ ಹಿಡಿದು ಬಂದು, “ರೀ, ಇದ್ರಲ್ಲಿ ಜಾಗ ಇಲ್ವಂತೆ. ಸಂದರ್ಶನದ ಆ್ಯಪ್ ಇಳೀತಾನೇ ಇಲ್ಲ” ಎಂದಾಗ ನನ್ನ ಎದೆ ಒಂದು ಗೇಣು ಉಬ್ಬಿತು.

ಮೂರು ಗಂಟೆಗೆ ಅವಳಿಗೆ ಗಣಿತ ಶಿಕ್ಷಕಿಯ ಹುದ್ದೆಗೆ ಸಂದರ್ಶನ. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳು, ಮತ್ತೆ ಪಾಠದ ಕೋಣೆಗೆ ಕಾಲಿಡಲು ಚಡಪಡಿಸುತ್ತಿದ್ದಳು. ಕಳಿಸಿದ ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೆ. ಟ್ಯಾಬಿನ ಪರದೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಬೇಕು. ಫೋನಿನಲ್ಲಿ ಅದು ನಡೆಯದು.

“ಅಷ್ಟೇ ತಾನೇ? ನೀನು ಹೋಗಿ ತಲೆ ಬಾಚ್ಕೋ. ಟ್ಯಾಬನ್ನ ಮೈದಾನ ಮಾಡಿ ಕೊಡ್ತೀನಿ.”

“ಮೈದಾನ ಬೇಡ, ಆ್ಯಪ್ ಕೂರೋಷ್ಟು ಜಾಗ ಸಾಕು. ಸಿಕ್ಕಿದ್ದೆಲ್ಲ ಎಸೀಬೇಡಿ.”

“ಗೋದಾಮು ನಡೆಸೋನಿಗೆ ಜಾಗದ ಪಾಠ ಹೇಳ್ತೀಯಾ?”

ಅವಳು ಗಡಿಯಾರ ನೋಡಿ ಒಳಗೆ ಹೋದಳು. ನಾನು ದಂಡಯಾತ್ರೆಗೆ ಹೊರಟೆ. ಮಗಳು ಚೆಂಡು ಎಸೆಯುವ ಚಿತ್ರಗಳೇ ಒಂದು ಹಿಡಿ. ಬಹುಪಾಲಿನಲ್ಲಿ ಚೆಂಡಿಲ್ಲ, ಕೆಲವುಗಳಲ್ಲಿ ಮಗಳೂ ಇಲ್ಲ! ಆದರೂ ತಂದೆಯ ಕರುಳು, ಬಿಟ್ಟುಬಿಟ್ಟೆ. ಆಮೇಲೆ ಕಣ್ಣಿಗೆ ಬಿತ್ತು ನೋಡಿ, ನಿಜವಾದ ಕಳ್ಳ ಸರಕು! ಕುಂಭಕರ್ಣನ ಹಾಗೆ ಅರ್ಧ ಟ್ಯಾಬನ್ನು ಆಕ್ರಮಿಸಿ ಬಿದ್ದುಕೊಂಡಿದ್ದ ಒಂದು ವಿಡಿಯೋ. ಹೆಸರಿಲ್ಲ, ಬರೀ ಅಂಕಿಗಳು. ತೆರೆದರೆ ಪರದೆ ತುಂಬ ಕಗ್ಗತ್ತಲೆ. ಒಳಗಿಂದ ಒಂದು ಸದ್ದು: ‘ಗರ್‍ರ್... ಪುಸ್... ಗರ್‍ರ್...’ ಮಧ್ಯೆ ಉಸಿರು ಕಟ್ಟಿ, ಕೆಮ್ಮಿ, ಮತ್ತೆ ಹೊತ್ತಿಕೊಳ್ಳುವ ಎಂಜಿನ್! ಯಾವುದೋ ಮರ ಕೊಯ್ಯುವ ಯಂತ್ರದ ಮುಂದೆ ಹೆಂಡತಿ ಕೈತಪ್ಪಿ ಗುಂಡಿ ಒತ್ತಿರಬೇಕು ಎಂದುಕೊಂಡೆ. ಎಸೆದೆ. ಎಸೆದದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ತೊಳೆದೆ. ಅರ್ಧ ಕೆಲಸ ಮಾಡುವ ಜಾಯಮಾನ ನನ್ನದಲ್ಲ!

ಆ್ಯಪ್ ಮೃದುವಾಗಿ ಇಳಿದು ಕೂತಿತು. ಹೆಂಡತಿ “ಪರವಾಗಿಲ್ವೇ!” ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಆಮೇಲೆ ಅವಳು ಮಗಳನ್ನು ಮಲಗಿಸಲು ಟ್ಯಾಬ್ ಎತ್ತಿಕೊಂಡು ಕೋಣೆಗೆ ಹೋದಳು. ಹೋದ ವೇಗದಲ್ಲೇ ಹೊರಗೆ ಬಂದಳು.

“ರೀ, ಇದ್ರಲ್ಲೊಂದು ಕತ್ತಲೆ ವಿಡಿಯೋ ಇತ್ತಲ್ಲ, ಎಲ್ಲಿ?”

“ಆ ಗರಗಸದ್ದಾ? ಮೊದಲು ಎಸೆದಿದ್ದೇ ಅದನ್ನ!”

“ಗರಗಸ ಅಲ್ಲ. ಅದು ನೀವು.”

“ನಾನಾ?”

“ನಿಮ್ಮ ಗೊರಕೆ ಕಣ್ರೀ! ರಾತ್ರಿ ನಿಮ್ಮ ಪಕ್ಕ ಮಲಗಿ ಮಲಗಿ ಇವಳಿಗೆ ಅದೇ ಜೋಗುಳ ಆಗ್ಬಿಟ್ಟಿದೆ. ಮಧ್ಯಾಹ್ನ ನೀವು ಗೋದಾಮಲ್ಲಿ ಇರ್ತೀರಲ್ಲ, ಅದಕ್ಕೆ ರೆಕಾರ್ಡ್ ಮಾಡಿಟ್ಟಿದ್ದೆ. ಕಾಲು ಗಂಟೆ ಕೇಳಿಸಿದ್ರೆ ಸಾಕು, ಆಮೇಲೆ ಸಂಜೆವರೆಗೂ ಏಳಲ್ಲ. ಈಗ ಇವಳು ಎಚ್ಚರ ಇದ್ರೆ ನಾನು ಲೆಕ್ಕ ಬಿಡಿಸೋದಾ, ಇವಳನ್ನ ಹಿಡಿಯೋದಾ?”

ನಾನು ಗೊರಕೆ ಹೊಡೆಯುತ್ತೇನೆಂಬ ಆರೋಪವನ್ನು ಮದುವೆಯಾದಾಗಿನಿಂದ ಸಾಕ್ಷ್ಯ ಇಲ್ಲವೆಂದು ತಳ್ಳಿಹಾಕುತ್ತ ಬಂದಿದ್ದೆ. ಸಾಕ್ಷ್ಯ ಇತ್ತು, ಇಂದು ಅದನ್ನು ನನ್ನ ಕೈಯಾರೆ ನಾಶಮಾಡಿದ್ದೆ! ಗೆದ್ದೆನೋ ಸೋತೆನೋ ತಿಳಿಯದೆ ನಿಂತಿದ್ದವನಿಗೆ ಆಜ್ಞೆ ಬಂತು: “ಮಲಗಿ.”

“ಯಾರು?”

“ನೀವೇ! ನಕಲು ಹೋದ್ರೇನಾಯ್ತು, ಅಸಲು ಮನೇಲೇ ಇದೆಯಲ್ಲ.”

ಮಗಳ ಪಕ್ಕ ಉರುಳಿ, ಕಣ್ಣು ಮುಚ್ಚಿ, ನನ್ನ ಕಲೆಯನ್ನೆಲ್ಲ ಗಂಟಲಿಗೆ ತಂದು ಒಂದು ಗೊರಕೆ ಬಿಟ್ಟೆ. ಅವಳು ಎದ್ದು ಕೂತು ಚಪ್ಪಾಳೆ ತಟ್ಟಿದಳು. “ಹುಲಿ!” ಎಂದಳು. “ಈಗ ಆನೆ ಮಾಡಪ್ಪಾ!”

ಬಾಗಿಲ ಸಂದಿಯಿಂದ ಹೆಂಡತಿಯ ಪಿಸುಮಾತು: “ನಾಟಕ ಬೇಡ ರೀ, ನಿದ್ದೆ ಮಾಡಿ! ಇನ್ನು ಇಪ್ಪತ್ತೇ ನಿಮಿಷ ಇದೆ.”

“ನಿದ್ದೆ ಏನು ನಲ್ಲಿ ನೀರಾ, ತಿರುಗಿಸಿದ ತಕ್ಷಣ ಬರೋಕೆ?”

ಅವಳು ಒಳಗೆ ಬಂದು ನನ್ನ ಎದೆಯ ಮೇಲೊಂದು ಪುಸ್ತಕ ಇಟ್ಟಳು. ‘ದಾಸ್ತಾನು ನಿರ್ವಹಣೆಯ ಕೈಪಿಡಿ’. ಗೋದಾಮಿನ ಸಿಬ್ಬಂದಿಗಾಗಿ ನಾನು ರಜೆಯ ದಿನಗಳನ್ನೆಲ್ಲ ಸುರಿದು ಬರೆದ ಕೃತಿ!

“ಇದನ್ನ ಓದಿ.”

“ಇದು ನಾನೇ ಬರೆದದ್ದು ಕಣೇ!”

“ಅದಕ್ಕೇ ಹೇಳಿದ್ದು.”

ಸ್ವಾಭಿಮಾನ ಕೆರಳಿತು. ಕೃತಿಯ ಸ್ವಾರಸ್ಯವನ್ನು ಮಗಳಿಗಾದರೂ ತೋರಿಸೋಣವೆಂದು ಗಟ್ಟಿಯಾಗಿ ಓದತೊಡಗಿದೆ: “ಪ್ರತಿಯೊಂದು ಸರಕಿಗೂ ಮುಂಭಾಗದಲ್ಲಿ ಕಾಣುವಂತೆ ಚೀಟಿಯನ್ನು ಅಂಟಿಸತಕ್ಕದ್ದು. ಅಂಟಿಸಿದ ಚೀಟಿಯು ಬೀಳದಂತೆ ನೋಡಿಕೊಳ್ಳತಕ್ಕದ್ದು. ಬಿದ್ದ ಚೀಟಿಯನ್ನು...”

ಬಿದ್ದ ಚೀಟಿಯನ್ನು ಏನು ಮಾಡತಕ್ಕದ್ದೋ, ಬರೆದವನಾದ ನನಗೂ ಇಂದಿನವರೆಗೆ ಗೊತ್ತಾಗಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಮಗಳು ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟು ಜೊಲ್ಲು ಸುರಿಸುತ್ತ ಮಲಗಿದ್ದಳು. ಮಂಚದ ತುದಿಯಲ್ಲಿ ಕೂತಿದ್ದ ಹೆಂಡತಿಯ ಮುಖದಲ್ಲಿ ಏನಿದೆ ಎಂದು ಓದಲಾಗಲಿಲ್ಲ.

“ಏನಾಯ್ತು? ನನ್ನ... ಆ ಸದ್ದು ಅವರಿಗೆ ಕೇಳಿಸ್ಲಿಲ್ಲ ತಾನೇ?”

“ಕೇಳಿಸ್ದೆ ಇರುತ್ತಾ? ನಡುವೆ ಮುಖ್ಯೋಪಾಧ್ಯಾಯಿನಿ, ‘ನಿಮ್ಮ ಮನೆ ಪಕ್ಕ ಕಾರ್ಖಾನೆ ಇದೆಯಾ?’ ಅಂದ್ರು. ‘ಮನೆ ಒಳಗೇ ಇದೆ ಮೇಡಂ, ನಿಲ್ಲಿಸಿದ್ರೆ ಮಗು ಏಳುತ್ತೆ’ ಅಂದೆ.”

“ಅಯ್ಯೋ! ಆಮೇಲೆ?”

“‘ಇಷ್ಟು ಗದ್ದಲದಲ್ಲೂ ಒಂದು ಲೆಕ್ಕ ತಪ್ಪಿಲ್ವಲ್ಲಮ್ಮಾ, ನಮ್ಮ ಎಂಟನೇ ತರಗತಿಗೆ ನೀವೇ ಸರಿ. ಸೋಮವಾರದಿಂದ ಬನ್ನಿ’ ಅಂದ್ರು!” ತಡೆದಿಟ್ಟುಕೊಂಡಿದ್ದ ನಗು ಅವಳ ಮುಖದ ತುಂಬ ಹರಡಿತು.

ನಾನು ತಕ್ಷಣ ಎದ್ದು ಕೂತೆ. “ನೋಡಿದ್ಯಾ! ಎಲ್ಲಾ ಯಾರಿಂದ? ನಾನು ಜಾಗ ಬಿಡಿಸದೇ ಇದ್ದಿದ್ರೆ...”

“ಆ ಜಾಗದ ವಿಷಯ ಹೇಳ್ಬೇಕಿತ್ತು. ಸೋಮವಾರದಿಂದ ಇವಳನ್ನ ನೋಡ್ಕೊಳ್ಳೋಕೆ ನಮ್ಮಮ್ಮ ಬರ್ತಾರೆ. ಅಮ್ಮಂಗೆ ಗೊರಕೆ ಬರಲ್ಲ. ಸಂದರ್ಶನ ಮುಗಿದ ಮೇಲೂ ನಿಮ್ಮ ಯಂತ್ರ ಓಡ್ತಾನೇ ಇತ್ತಲ್ಲ...” ಎನ್ನುತ್ತ ನನ್ನ ದಿಂಬಿನತ್ತ ಕೈ ತೋರಿಸಿದಳು.

ದಿಂಬಿಗೆ ಒರಗಿಸಿಟ್ಟ ಟ್ಯಾಬ್. ಪರದೆಯ ಮೇಲೆ ಸಂದೇಶ: ‘ಜಾಗ ತುಂಬಿದೆ. ರೆಕಾರ್ಡಿಂಗ್ ನಿಲ್ಲಿಸಲಾಗಿದೆ.’ ಎಚ್ಚರವಿದ್ದಾಗ ಬಿಡಿಸಿದ ಜಾಗವನ್ನೆಲ್ಲ ನಿದ್ದೆಯಲ್ಲಿ ನಾನೇ ಭರ್ತಿ ಮಾಡಿದ್ದೆ!

“ಎಸೆಯೋ ಹಾಗಿಲ್ಲ” ಎಂದಳು ಹೆಂಡತಿ. “ನಿಮ್ಮ ಕಾನೂನಿನ ಪ್ರಕಾರ ಚೀಟಿ ಅಂಟಿಸಿದ್ದೀನಿ, ಓದಿ.”

ಟ್ಯಾಬಿನ ಬೆನ್ನಿಗೆ ಅಂಟಿಸಿದ್ದ ಕಾಗದದ ಚೀಟಿಯನ್ನು ಓದಿದೆ. ನನ್ನದೇ ಕೈಪಿಡಿಯ ಭಾಷೆ: ‘ಯಜಮಾನರ ಸದ್ದು. ಇದನ್ನು ತೆಗೆದುಹಾಕಿದವರು ಪ್ರತಿದಿನ ಮಧ್ಯಾಹ್ನ ಖುದ್ದಾಗಿ ಹಾಜರಾಗಿ ಮಲಗತಕ್ಕದ್ದು.’