ಪಣಕ್ಕ ಬಿದ್ದ ಮೀಸಿ

ಕಟ್ಟಡ ಕಟ್ಟೋರು ಇರೋತನಕ ವೈರಿಂಗ್ ಕೆಲಸದಾಗ ನಗೋ ಪ್ರಸಂಗಕ್ಕ ಬರ ಇಲ್ಲ. ನಾನು ಶಾಲಿ ಮೆಟ್ಲ ಹತ್ತಿದವನಲ್ಲ. ಆದ್ರ ಸಂಡೂರಿಂದ ಕಂಪ್ಲಿತನಕ ನಾ ಎಳೆದ ವೈರ್ ಜೋಡಿಸಿದ್ರ ಡ್ಯಾಮಿಗೆ ಮೂರು ಸುತ್ತು ಬಂದು, ಮಿಕ್ಕಿದ್ದರಾಗ ಅರ್ಧ ಹೊಸಪೇಟೆ ಅರಿವಿ ಒಣಹಾಕಬಹುದು. ನನ್ನ ಮೀಸಿ ಕಂಡ್ರ ಕರೆಂಟೇ ದಾರಿ ಬಿಡ್ತೈತಿ. ಆ ಮೀಸಿನೇ ಹೋದ ವರ್ಷ ಪಣಕ್ಕ ಬಿತ್ತು.

ಕಮಲಾಪುರದ ಒಬ್ಬ ಸಾವ್ಕಾರ್ರು ಹಂಪಿ ನೋಡಾಕ ಬರೋರಿಗಂತ ಲಾಡ್ಜ್ ಕಟ್ಟಿಸಿದ್ರು. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಿದ್ರಷ್ಟ ಬಾಗಿಲು ತೆಗೆಯೋದು. ಪಾಸ್ ಆಗಲಿಲ್ಲಂದ್ರ ಮೀಸಿ ಬೋಳಿಸ್ತೀನಿ ಅಂತ ಎಲ್ಲರ ಮುಂದ ಅಂದುಬಿಟ್ಟೆ. ಸಾವ್ಕಾರ್ರು ಅವತ್ತೇ ಕಟಿಂಗ್ ಅಂಗಡಿಯವನಿಗೆ ಹೇಳಿಟ್ರು.

೧. ಅಗ್ನಿಮೂಲಿ

ಮೇನ್ ಬೋರ್ಡ್ ಎಲ್ಲಿ ಕೂಡಿಸೋದು ಅಂತ ಕೇಳಿದ್ರ ಸೀದಾ ಬಚ್ಚಲಕ್ಕ ಕರ್ಕೊಂಡು ಹೋದ್ರು. ಶವರಿನ ಕೆಳಗ ಗೋಡಿಗೆ ಗುರುತು ಹಾಕಿತ್ತು. ಕರೆಂಟ್ ಅಂದ್ರ ಅಗ್ನಿ, ಆಗ್ನೇಯದಾಗ ಇರಬೇಕು ಅಂತ ವಾಸ್ತು ನೋಡೋರು ಹೇಳಿದ್ರಂತ. ಆಗ್ನೇಯದಾಗ ಬಚ್ಚಲ ಬಂದಿತ್ತು. ಬೋರ್ಡ್ ಒಣ ಜಾಗದಾಗ, ಕೈಗೆ ಜಲ್ದಿ ಸಿಗಂಗ ಇರಬೇಕ್ರಿ ಅಂದೆ. ಸಾವ್ಕಾರ್ರು ಶವರಿನ ಕಡೆ ಕೈ ಮಾಡಿದ್ರು.

"ಹಂಗಾದ್ರ ಗಿರಾಕಿಗೆ ಒಣ ಜಳಕ ಮಾಡ್ರಿ ಅಂತ ಚೀಟಿ ಅಂಟಸೋಣೇನು?"

೨. ಮೂರನೇ ಅಂತಸ್ತಿನ ಅರ್ಥಿಂಗ್

ಅಂತೂ ಬೋರ್ಡ್ ಕೌಂಟರಿನ ಹಿಂದ ಬಂತು. ಅರ್ಥಿಂಗಿಗೆ ಹಿತ್ತಲದಾಗ ಆಳ ಗುಂಡಿ ತೋಡಿ, ಇದ್ದಲಿ ಉಪ್ಪು ತುಂಬಿಸಿ, ವೈರ್ ಮಣ್ಣಾಗ ಇಳಿಸ್ರಿ ಅಂತ ಹೇಳಿ ಸಂಡೂರಿಗೆ ಹೋದೆ. ತಿರುಗಿ ಬಂದ್ರ ಗುಂಡಿ ಇಲ್ಲ, ಟೈಲ್ಸ್ ಕೆಡ್ತಾವಂತ. ವೈರ್ ಮ್ಯಾಲೆ ಹೋಗಿ ಬಾಲ್ಕನಿಯ ದಾಸವಾಳದ ಕುಂಡದಾಗ ಇಳಿದಿತ್ತು. ಹೇಳಿದಷ್ಟು ಉಪ್ಪೂ ಬಿದ್ದಿತ್ತು. ಗಿಡ ಒಣಗಿ ಕಡ್ಡಿ ಆಗಿತ್ತು.

ಸಾವ್ಕಾರ್ರಿಗೆ ಹಿಗ್ಗೋ ಹಿಗ್ಗು. "ನಮ್ಮ ಅರ್ಥಿಂಗ್ ಎಷ್ಟು ಜೋರೈತಿ ನೋಡೋ, ಗಿಡಾನೇ ಸುಟ್ಟೈತಿ."

೩. ಸಹಿ

ಗುಂಡಿ ತೋಡಿಸಿದೆ. ಕಡೀಗೆ ಜಗಳ ಬಂದಿದ್ದು ಒಂದು ಸ್ವಿಚ್ಚಿಗೆ. ಕರೆಂಟ್ ಸೋರಿದ್ರ ರೆಪ್ಪಿ ಬಡಿಯೋದರೊಳಗ ಎಲ್ಲಾ ಬಂದ್ ಮಾಡೋ ಸ್ವಿಚ್ ಅದು. ಲೋಡ್ ಜಾಸ್ತಿ ಆದ್ರ ಬೀಳೋ ಎಂಸಿಬಿ ಇರುವಾಗ ಇದ್ಯಾಕ ಅಂದ್ರು ಸಾವ್ಕಾರ್ರು. ಅದು ವೈರ್ ಉಳಿಸ್ತೈತಿ, ಇದು ಮನುಷ್ಯಾನ್ನ ಉಳಿಸ್ತೈತಿ ಅಂತ ಹಟ ಹಿಡಿದು ಹಾಕಿಸಿದೆ.

ಸೋಮವಾರ ಇನ್‌ಸ್ಪೆಕ್ಟರ್ ಬಂದ್ರು. ಕಟಿಂಗ್ ಅಂಗಡಿಯವನೂ ಬಂದು ಮೆಟ್ಲ ಮ್ಯಾಲೆ ಕುಂತಿದ್ದ. ಇನ್‌ಸ್ಪೆಕ್ಟರ್ ಎಲ್ಲಾ ನೋಡಿ, ಆ ಸ್ವಿಚ್ ಮುಂದ ನಿಂತು ಸಾವ್ಕಾರ್ರ ಕಡೆ ತಿರುಗಿದ್ರು.

"ಇದು ಕೆಲಸ ಮಾಡ್ತೈತೇನ್ರಿ ಯಜಮಾನ್ರ?"

ಟೆಸ್ಟ್ ಮಷೀನಿಗಂತ ಅವರು ಚೀಲಕ್ಕ ಕೈ ಹಾಕಿದ್ರು. ಅಷ್ಟರಾಗ ಸಾವ್ಕಾರ್ರಿಗೆ ಹೆದರಿಕಿ ಹತ್ತಿ, ದೇವರ ಹೆಸರು ಹೇಳಿ ಕೌಂಟರಿನ ಪ್ಲಗ್ ಕೆಳಗ ತೆಂಗಿನಕಾಯಿ ಒಡೆದುಬಿಟ್ರು. ನೀರು ಚಿಲ್ಲನೆ ಹಾರಿ ಪ್ಲಗ್ಗಿನೊಳಗ ಹೋತು. ಟಕ್ ಅಂತು. ಲೈಟ್ ಹೋತು, ಫ್ಯಾನ್ ನಿಂತ್ವು. ನನ್ನ ಕೈ ತಾನಾಗೇ ಮೀಸಿಗೆ ಹೋತು. ಮೆಟ್ಲ ಮ್ಯಾಲೆ ಕತ್ತಿ ಮಸೆಯೋ ಸಪ್ಪಳ ಕೇಳಿಸ್ತು.

ಇನ್‌ಸ್ಪೆಕ್ಟರ್ ತೊಟ್ಟಿಕ್ಕೋ ಪ್ಲಗ್ ನೋಡಿದ್ರು, ತಾನಾಗೇ ಬಂದ್ ಆದ ಆ ಸ್ವಿಚ್ ನೋಡಿದ್ರು, ಚೀಲ ಮುಚ್ಚಿದ್ರು.

"ಮಸ್ತ್ ಕೆಲಸ ಮಾಡ್ತೈತಿ" ಅಂತ ಸಹಿ ಹಾಕಿದ್ರು.

ಮೀಸಿ ಉಳೀತು. ಸಾವ್ಕಾರ್ರು ಮೆಲ್ಲಕ ನನ್ನ ಕಿವಿ ಹತ್ರ ಬಂದ್ರು.

"ಇನ್ನೂ ಇಪ್ಪತ್ತು ರೂಮ್ ಅದಾವ. ರೂಮಿಗೊಂದು ಕಾಯಿ ಸಾಕಾ, ಎಸಿ ರೂಮಿಗೆ ಎರಡು ಬೇಕಾ?"